ರಾಣಿ ಇರುವೆಯನ್ನು ಗುರುತಿಸುವ ಬಗೆ



ಮೃಗಶಿರೆಯ ಮಳೆ ಬಿದ್ದ ಮಾರನೆಯ ದಿನ ನಮ್ಮ ಶಾಲೆಯ ಹಿಂದಿನ ಅಂಗಳವು ಹೇಗಿರುತ್ತದೆಂಬದನ್ನು ನೀವು ಮರೆತಿರಲಾರಿರಿ. ಸಂಜೆ ದೀಪ ಹೊತ್ತಿಸಿದೊಡನೆ ರೆಕ್ಕೆಯ ಹುಳುಗಳು ಗುಂಪುಗುಂಪಾಗಿ ಬಂದು ಮುತ್ತುವವು. ಬೆಳಿಗ್ಗೆ ಜಗಲಿಯ ತುಂಬ ಉದುರಿದ ರೆಕ್ಕೆಗಳನ್ನು ಗುಡಿಸಿ ರಾಶಿಹಾಕಬೇಕಾಗುವದು. ಆ ದಿನಗಳಲ್ಲಿ ಮಕ್ಕಳು ಉಪ್ಪಿನಕಾಯಿಯ ಸೀಸೆಯಲ್ಲಿಯೋ ಔಷಧದ ಬಾಟಲಿಯಲ್ಲಿಯೋ ದಪ್ಪನಾದ ಒಂದು ಇರುವೆಯನ್ನು ಹಾಕಿಕೊಂಡು ಬಂದು, "ಟೀಚರ್, ಇದು ರಾಣಿಯೇ? ಯಾವ ಇರುವೆಯ ರಾಣಿ?" ಎಂದು ಕೇಳುವದು ಪ್ರತಿವರ್ಷದ ವಾಡಿಕೆ. ಆ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕಂಡುಕೊಳ್ಳುವ ಬಗೆಯೇ ಈ ಪಾಠದ ವಿಷಯವು. ಅದಕ್ಕೆ ಮುಂಚೆ ನಾನೇ ಒಮ್ಮೆ ತಪ್ಪು ಉತ್ತರ ಕೊಟ್ಟದ್ದನ್ನು ಹೇಳಿಬಿಡಬೇಕು. ಯಾಕಂದರೆ ಈ ಪಾಠವನ್ನು ನಾನು ಕಲಿತದ್ದು ಆ ತಪ್ಪಿನಿಂದಲೇ.

ನಡೆದ ಸಂಗತಿ

2019ನೆಯ ಇಸವಿಯ ಜೂನ್ ತಿಂಗಳು. ಎಂಟನೆಯ ತರಗತಿಯ ಒಬ್ಬ ಹುಡುಗಿಯು ಗಾಜಿನ ಒಂದು ನಳಿಗೆಯನ್ನು ಹಿಡಿದುಕೊಂಡು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ನನ್ನ ಮೇಜಿನ ಮೇಲೆ ಹೊಸ ಮಕ್ಕಳ ದಾಖಲಾತಿಯ ಅರ್ಜಿಗಳು ರಾಶಿಯಾಗಿ ಬಿದ್ದಿದ್ದವು.

"ಟೀಚರ್, ತೋಟದ ದಾರಿಯಲ್ಲಿ ಸಿಕ್ಕಿತು. ರೆಕ್ಕೆ ಇಲ್ಲ, ರೆಕ್ಕೆ ಬಿದ್ದ ಗುರುತು ಇದೆ. ಮುಕ್ಕಾಲು ಅಂಗುಲದಷ್ಟು ಉದ್ದ. ಬಣ್ಣ ಕಪ್ಪೋ ಕಂದೋ ಸರಿಯಾಗಿ ಗೊತ್ತಾಗುವದಿಲ್ಲ," ಎಂದಳು.

ನಾನು ತಲೆಯೆತ್ತಿ ನೋಡಿದ್ದು ಹುಡುಗಿಯನ್ನು, ನಳಿಗೆಯನ್ನಲ್ಲ. "ಮಳೆ ಬಿದ್ದ ಮೇಲೆ ಸಿಕ್ಕಿದ ಅಷ್ಟು ದೊಡ್ಡದು ಗೊದ್ದದ ರಾಣಿಯೇ ಸರಿ, ಮಗು. ಒದ್ದೆ ಹತ್ತಿಯನ್ನಿಟ್ಟು ಕತ್ತಲಲ್ಲಿಡು. ತಿನ್ನಲಿಕ್ಕೆ ಏನೂ ಹಾಕಬೇಡ. ಮರಿಗಳು ಇರುವೆಗಳಾಗಿ ಹೊರಡುವವರೆಗೆ ಅದಕ್ಕೆ ಏನೂ ಬೇಕಾಗಿಲ್ಲ," ಎಂದು ಹೇಳಿ ಕಳುಹಿಸಿದೆನು.

ಗೊದ್ದದ ರಾಣಿಯ ಮಟ್ಟಿಗೆ ಆ ಮಾತು ಪೂರ್ತಿ ನಿಜವೇ ಆಗಿತ್ತು. ಆ ಹುಡುಗಿಯ ತಾಯಿಯೂ ನಮ್ಮ ಶಾಲೆಯಲ್ಲಿಯೇ ಓದಿದವರು. ಹತ್ತು ದಿನಗಳಾದ ಮೇಲೆ, ರಾಣಿಯು ನಳಿಗೆಯ ಬಾಯಿಗೆ ತುರುಕಿದ ಹತ್ತಿಯನ್ನು ಕಿತ್ತು ಹೊರಗೆ ಬರುವದಕ್ಕೆ ಹೆಣಗುವದನ್ನು ಕಂಡು, "ಅಮ್ಮಾ, ಒಂದು ಜಿರಲೆಯ ಮರಿಯನ್ನು ಹಾಕಿ ನೋಡಲೇ?" ಎಂದು ಮಗಳು ಕೇಳಿದಳಂತೆ. "ಟೀಚರು ಬೇಡವೆಂದ ಮೇಲೆ ಬೇಡ," ಎಂದು ತಾಯಿಯು ತಡೆದರಂತೆ. ಹದಿನೆಂಟನೆಯ ದಿನ ಅದು ಸತ್ತಿತು. ಒಂದು ಮೊಟ್ಟೆಯನ್ನಾದರೂ ಇಟ್ಟಿರಲಿಲ್ಲ.

ಹುಡುಗಿಯು ಅದನ್ನು ಬಿಳಿಯ ಕಾಗದದಲ್ಲಿ ಮಡಚಿ ತಂದಳು. ಆಗ ನಾವಿಬ್ಬರೂ ಕಿಟಕಿಯ ಬೆಳಕಿನಲ್ಲಿ ಭೂತಗನ್ನಡಿಯನ್ನು ಹಿಡಿದು ನೋಡಿದೆವು. ದವಡೆಗಳು ತಲೆಯಿಂದ ಬಹಳ ಮುಂದಕ್ಕೆ ಚಾಚಿ, ಕುಡುಗೋಲಿನಂತೆ ಮೇಲಕ್ಕೆ ಬಾಗಿದ್ದವು. ಕಣ್ಣುಗಳು ತಲೆಯ ಮುಂಭಾಗದಲ್ಲಿ ದೊಡ್ಡದಾಗಿ ಉಬ್ಬಿದ್ದವು. ಹೊಟ್ಟೆಯ ಮೊದಲಿನ ಎರಡು ಪಟ್ಟಿಗಳ ನಡುವೆ ದಾರ ಸುತ್ತಿ ಬಿಗಿದಂತೆ ಒಂದು ಇರುಕು ಇತ್ತು. ಇವುಗಳಲ್ಲಿ ಒಂದಾದರೂ ಗೊದ್ದದ ಲಕ್ಷಣವಲ್ಲ. ಅದು ಜಿಗಿಯುವ ಇರುವೆಯ ರಾಣಿಯಾಗಿತ್ತು. ಶಾಸ್ತ್ರದಲ್ಲಿ ಅದರ ಹೆಸರು ಹಾರ್ಪೆಗ್ನಾಥಸ್ ಸಾಲ್ಟೇಟರ್. ಅದರ ರಾಣಿಯು ಹೊಸ ಗೂಡನ್ನು ಹೂಡುವ ಕಾಲದಲ್ಲಿ ತಾನೇ ಹೊರಗೆ ಬಂದು ಬೇಟೆಯಾಡಿ ಆಹಾರ ತರತಕ್ಕದ್ದು. ನಾನು ಒಂದು ಬೇಟೆಗಾತಿಯನ್ನು ಉಪವಾಸ ಕೂಡಹಾಕಿಸಿದ್ದೆನು. ಹಸಿವಿನಿಂದಲೇ ಸತ್ತಿತೆಂದು ಪ್ರಮಾಣ ಮಾಡಲಾರೆನು. ಇಕ್ಕಟ್ಟಾದ ಸೆರೆಯೂ ಕಾರಣವಾಗಿರಬಹುದು. ಆದರೆ ಆ ಮಗು ಹಾಕಬೇಕೆಂದಿದ್ದ ಜಿರಲೆಯ ಮರಿಯೇ ಸರಿಯಾದ ಉತ್ತರವಾಗಿತ್ತೆಂಬದರಲ್ಲಿ ಸಂಶಯವಿಲ್ಲ.

ಆದ್ದರಿಂದ ರಾಣಿ ಇರುವೆಯ ಹೆಸರನ್ನು ತಿಳಿಯುವದು ಬರಿಯ ಕುತೂಹಲದ ಕೆಲಸವಲ್ಲ. ಅದಕ್ಕೆ ಏನು ಬೇಕು, ಏನು ಬೇಡ ಎಂಬದು ಆ ಹೆಸರಿನಲ್ಲಿಯೇ ಅಡಗಿರುತ್ತದೆ. ನಾಲ್ಕು ಪ್ರಶ್ನೆಗಳನ್ನು ಒಂದಾದ ಮೇಲೊಂದರಂತೆ ಕೇಳಿದರೆ, ಮನೆಯಲ್ಲಿ ಒಂದು ಭೂತಗನ್ನಡಿಯುಳ್ಳ ಯಾರಾದರೂ ಬಹುದೂರ ಹೋಗಬಹುದು. ಒಂದನ್ನು ಮುಗಿಸದೆ ಮುಂದಿನದಕ್ಕೆ ಹಾರಬಾರದು; ನಾನು ಮಾಡಿದ ತಪ್ಪು ಅದೇ.

ಮೊದಲನೆಯ ಪ್ರಶ್ನೆ: ಇದು ಇರುವೆಯೋ?

ಮಳೆಗಾಲದ ದೀಪಕ್ಕೆ ಬರುವ ರೆಕ್ಕೆಯ ಹುಳುಗಳಲ್ಲಿ ಅನೇಕವು ಗೆದ್ದಲುಗಳು. ಗೆದ್ದಲನ್ನು ಬಿಳಿ ಇರುವೆಯೆಂದು ಕರೆಯುವದುಂಟು. ಆದರೆ ಅದು ಜಿರಲೆಯ ನೆಂಟನು, ಇರುವೆಯಾದರೋ ಕಣಜ ಮತ್ತು ಜೇನುಹುಳುಗಳ ನೆಂಟನು. ಇವೆರಡನ್ನು ಮೂರು ಗುರುತುಗಳಿಂದ ಬೇರ್ಪಡಿಸಬಹುದು. ಇರುವೆಗೆ ತೆಳುವಾದ ಸೊಂಟವಿರುತ್ತದೆ. ಗೆದ್ದಲಿನ ಎದೆಯೂ ಹೊಟ್ಟೆಯೂ ಒಂದೇ ದಪ್ಪವಾಗಿ ಕೂಡಿಕೊಂಡಿರುತ್ತವೆ. ಇರುವೆಯ ಕುಡಿಮೀಸೆಯು ಮೊಣಕೈಯಂತೆ ಮಡಿಚಿರುತ್ತದೆ. ಗೆದ್ದಲಿನದು ಮಣಿಸರದಂತೆ ನೇರವಾಗಿರುತ್ತದೆ. ಇರುವೆಯ ಮುಂದಿನ ರೆಕ್ಕೆಗಳು ಹಿಂದಿನವುಗಳಿಗಿಂತ ಉದ್ದ. ಗೆದ್ದಲಿನ ನಾಲ್ಕು ರೆಕ್ಕೆಗಳೂ ಒಂದೇ ಅಳತೆಯವು.

ಇನ್ನೊಂದು ಪ್ರಾಣಿಯ ವಿಷಯದಲ್ಲಿ ಎಚ್ಚರವಾಗಿರಬೇಕು. ಮೈಮೇಲೆ ಮಖಮಲ್ಲಿನಂಥ ರೋಮವುಳ್ಳ, ಕೆಂಪು ಕಪ್ಪು ಬಣ್ಣದಲ್ಲಿ ಬಿಳಿಯ ಚುಕ್ಕೆಗಳುಳ್ಳ, ರೆಕ್ಕೆಯಿಲ್ಲದ ಒಂದು ಹುಳು ಒಂಟಿಯಾಗಿ ನೆಲದ ಮೇಲೆ ಓಡಾಡುವದನ್ನು ನೀವು ಕಂಡಿರಬಹುದು. ಮಕ್ಕಳು ಅದನ್ನು ಅಂದವಾದ ರಾಣಿ ಇರುವೆಯೆಂದು ಹಿಡಿಯಲು ಹೋಗುತ್ತಾರೆ. ಅದು ಒಂದು ಜಾತಿಯ ಹೆಣ್ಣು ಕಣಜವು. ಬಹಳ ನೋವಾಗುವಂತೆ ಚುಚ್ಚುತ್ತದೆ. ಅದರ ಸೊಂಟದಲ್ಲಿ ಇರುವೆಗಿರುವಂತೆ ಎದ್ದುನಿಂತ ಗಂಟು ಕಾಣುವದಿಲ್ಲ. ಗುರುತು ತಿಳಿಯದ ಯಾವ ಹುಳುವನ್ನೂ ಬರಿಗೈಯಿಂದ ಮುಟ್ಟಬಾರದೆಂದು ಮಕ್ಕಳಿಗೆ ಮೊದಲೇ ಹೇಳಿರಬೇಕು. ಬಾಟಲಿಯ ಬಾಯನ್ನು ಮುಂದೆ ಹಿಡಿದು, ಎಲೆಯಿಂದ ಮೆಲ್ಲಗೆ ಒಳಗೆ ನೂಕಿದರೆ ಸಾಕು.

ಎರಡನೆಯ ಪ್ರಶ್ನೆ: ಇದು ರಾಣಿಯೋ?

ರೆಕ್ಕೆಯಿದ್ದ ಮಾತ್ರಕ್ಕೆ ರಾಣಿಯಾಗುವದಿಲ್ಲ, ಗಂಡಿಗೂ ರೆಕ್ಕೆಯುಂಟು. ಗಂಡಿನ ತಲೆ ಚಿಕ್ಕದು, ಕಣ್ಣು ದೊಡ್ಡದು, ಮೈ ಸಾಮಾನ್ಯವಾಗಿ ಸಪೂರ. ಅದರ ಕುಡಿಮೀಸೆಯ ಮೊದಲ ತುಂಡು ಗಿಡ್ಡವಾಗಿರುವದರಿಂದ ಮೊಣಕೈಯಂಥ ಮಡಿಕೆಯು ಸ್ಪಷ್ಟವಾಗಿ ಕಾಣುವದಿಲ್ಲ. ಸಂಗಮದ ಹಾರಾಟವಾದ ಮೇಲೆ ಅದು ಹೆಚ್ಚು ದಿನ ಬದುಕುವದಿಲ್ಲ. ಮಕ್ಕಳು ರಾಣಿಯೆಂದು ಹೆಮ್ಮೆಯಿಂದ ತರುವ ಒಂದು ಗಂಡಿನ ಹೆಸರನ್ನು ಇಲ್ಲಿ ಹೇಳುವದು ಒಳ್ಳೇದು. ರಾತ್ರಿ ದೀಪಕ್ಕೆ ಬಂದು ಬಡಿದು ಬೀಳುವ, ಕಂದು ಬಣ್ಣದ, ಉದ್ದವಾಗಿ ಉರುಟಾದ ಹೊಟ್ಟೆಯುಳ್ಳ ದೊಡ್ಡ ಹುಳುವೊಂದುಂಟು. ಅದು ಡೋರಿಲಸ್ ಎಂಬ ಕುಲದ ಗಂಡು. ಆ ಕುಲದ ರಾಣಿಗೆ ರೆಕ್ಕೆಯೇ ಮೂಡುವದಿಲ್ಲ. ತನ್ನ ದಂಡಿನ ಸಂಗಡ ನೆಲದೊಳಗೇ ಇರುವ ಅದು ದೀಪಕ್ಕೆ ಬರುವದೆಂಬದೇ ಇಲ್ಲ.

ರೆಕ್ಕೆ ಉದುರಿದ ರಾಣಿಯನ್ನು ಕೆಲಸಗಾರ್ತಿಯಿಂದ ಬೇರ್ಪಡಿಸಬೇಕಾದರೆ ಎದೆಯನ್ನು ನೋಡತಕ್ಕದ್ದು. ಕೆಲಸಗಾರ್ತಿಯ ಎದೆಯು ಕಿರಿದಾಗಿ, ಬೆನ್ನು ಸರಳವಾಗಿರುತ್ತದೆ. ರಾಣಿಯ ಎದೆಯಾದರೋ ಹಾರುವ ಸ್ನಾಯುಗಳಿಗೆ ಸ್ಥಳ ಬೇಕಾದ್ದರಿಂದ ದಪ್ಪವಾಗಿ ಎತ್ತರಿಸಿಕೊಂಡು, ಬೆನ್ನಿನಲ್ಲಿ ಅನೇಕ ಹಲಗೆಗಳನ್ನು ಜೋಡಿಸಿದಂತೆ ಕಾಣುತ್ತದೆ. ಅದರ ಎರಡು ಪಕ್ಕಗಳಲ್ಲಿ ರೆಕ್ಕೆ ಕಿತ್ತುಹೋದ ಕಡೆ ಸಣ್ಣ ಮೊಟಕುಗಳು ಉಳಿದಿರುತ್ತವೆ. ನೆತ್ತಿಯ ಮೇಲೆ ಮೂರು ಸಣ್ಣ ಬಿಡಿಗಣ್ಣುಗಳು ತ್ರಿಕೋಣವಾಗಿ ಹೊಳೆಯುತ್ತವೆ; ಗೊದ್ದದ ಕೆಲಸಗಾರ್ತಿಗೆ ಇವು ಇರುವದಿಲ್ಲ. ಗೊದ್ದದ ಗೂಡಿನಲ್ಲಿ ದೊಡ್ಡ ತಲೆಯ ಕೆಲಸಗಾರ್ತಿಗಳು ಕೆಲವು ಇರುವದರಿಂದ ಅನೇಕರು ಅವುಗಳನ್ನೇ ರಾಣಿಯೆಂದು ತಿಳಿಯುತ್ತಾರೆ. ತಲೆಯನ್ನು ನೋಡಿ ಮೋಸಹೋಗಬಾರದು, ಎದೆಯನ್ನು ನೋಡಬೇಕು.

ಈ ನಿಯಮಕ್ಕೂ ಹೊರಗಿನವುಗಳುಂಟು. ಡಯಾಕಮ್ಮ ಎಂಬ ಕಪ್ಪು ಇರುವೆಯು ನಮ್ಮ ಸೀಮೆಯಲ್ಲಿ ಧಾರಾಳವಾಗಿದೆ. ಅದರ ಮೈಮೇಲೆ ನಮ್ಮ ಬೆರಳಿನ ಗುರುತಿನಂತೆ ಒತ್ತಾದ ಗೀರುಗಳು ಕಾಣುತ್ತವೆ. ಆ ಕುಲದಲ್ಲಿ ರಾಣಿಯೆಂಬ ಬೇರೆ ದೇಹವೇ ಇಲ್ಲ. ಕೆಲಸಗಾರ್ತಿಗಳಂತೆಯೇ ಕಾಣುವ ಒಂದು ಹೆಣ್ಣು ಗಂಡಿನೊಡನೆ ಕೂಡಿ ಮೊಟ್ಟೆಯಿಡುತ್ತದೆ. ಪ್ರತಿಯೊಂದು ಹೆಣ್ಣೂ ಹುಟ್ಟುವಾಗ ಎದೆಯ ಮೇಲೆ ಒಂದು ಜೊತೆ ಪುಟ್ಟ ಮೊಗ್ಗುಗಳನ್ನು ಪಡೆದಿರುತ್ತದೆ. ಅವುಗಳನ್ನು ಉಳಿಸಿಕೊಂಡದ್ದು ತಾಯಿಯಾಗುತ್ತದೆ, ಮಿಕ್ಕವುಗಳ ಮೊಗ್ಗುಗಳು ಕಡಿಯಲ್ಪಡುತ್ತವೆ. ಆದ್ದರಿಂದ ಡಯಾಕಮ್ಮದ ರೆಕ್ಕೆಯ ರಾಣಿಯನ್ನು ಎಷ್ಟು ಹುಡುಕಿದರೂ ಸಿಕ್ಕಲಾರದು.

ಮೂರನೆಯ ಪ್ರಶ್ನೆ: ಯಾವ ಮನೆತನದ್ದು?

ಭಾರತದ ಇರುವೆಗಳ ಪಟ್ಟಿಯೊಂದು 2016ರಲ್ಲಿ ಪ್ರಕಟವಾಯಿತು. ಅದರಲ್ಲಿ 100 ಕುಲಗಳೂ 828 ಪ್ರಭೇದ ಉಪಪ್ರಭೇದಗಳೂ ಎಣಿಸಲ್ಪಟ್ಟಿವೆ. ಇಷ್ಟನ್ನು ಯಾರು ನೆನಪಿನಲ್ಲಿಟ್ಟುಕೊಳ್ಳಬಲ್ಲರು ಎಂದು ಹೆದರಬೇಕಾಗಿಲ್ಲ. ಈ ಕುಲಗಳೆಲ್ಲ ಹತ್ತು ಉಪಕುಟುಂಬಗಳಲ್ಲಿ ಅಡಗಿವೆ. ಮಕ್ಕಳ ಕೈಗೆ ಸಿಕ್ಕುವ ರಾಣಿಗಳಲ್ಲಿ ಬಹುಪಾಲು ನಾಲ್ಕೇ ಮನೆತನಗಳವು. ಅವುಗಳ ಬೀಗದ ಕೈ ಸೊಂಟದಲ್ಲಿದೆ.

ಬಾಟಲಿಯನ್ನು ಅಡ್ಡ ಹಿಡಿದು ಇರುವೆಯ ಪಕ್ಕವನ್ನು ನೋಡಿರಿ. ಎದೆಗೂ ಹೊಟ್ಟೆಗೂ ನಡುವೆ ಎಷ್ಟು ಗಂಟುಗಳಿವೆ?

ಒಂದೇ ಗಂಟಿದ್ದು, ಹೊಟ್ಟೆಯು ಇರುಕಿಲ್ಲದೆ ನುಣ್ಣಗಿದ್ದು, ಅದರ ತುದಿಯಲ್ಲಿ ದುಂಡಗಿನ ಸಣ್ಣ ರಂಧ್ರವಿದ್ದರೆ ಅದು ಗೊದ್ದ ಮತ್ತು ಚಗಳಿಯ ಮನೆತನ. ಇವುಗಳಿಗೆ ಚುಚ್ಚುವ ಕೊಂಡಿಯಿಲ್ಲ. ಕಚ್ಚಿ ಆಮ್ಲವನ್ನು ಎರಚುತ್ತವೆ.

ಒಂದೇ ಗಂಟಿದ್ದು, ಹೊಟ್ಟೆಯ ಮೊದಲಿನ ಎರಡು ಪಟ್ಟಿಗಳ ನಡುವೆ ಇರುಕಿದ್ದರೆ ಅದು ಬೇಟೆಗಾತಿಯರ ಮನೆತನ. ಇವುಗಳಿಗೆ ಕೊಂಡಿಯುಂಟು. ಜಿಗಿಯುವ ಇರುವೆಯೂ ಡಯಾಕಮ್ಮವೂ ಇದಕ್ಕೆ ಸೇರಿದವು.

ಎರಡು ಗಂಟುಗಳಿದ್ದರೆ ಅದು ಎಲ್ಲಕ್ಕಿಂತ ದೊಡ್ಡ ಮನೆತನ. ಅಡಿಗೆಮನೆಯ ಸಣ್ಣ ಕೆಂಪಿರುವೆಗಳೂ, ಕಾಳು ಹೊತ್ತು ಸಾಲುಗಟ್ಟುವ ಇರುವೆಗಳೂ, ಉರಿಗಚ್ಚಿನ ಇರುವೆಯೂ ಇಲ್ಲಿಯವು.

ಒಂದೇ ಗಂಟು ಚಪ್ಪಟೆಯಾಗಿ ಹೊಟ್ಟೆಯ ಕೆಳಗೆ ಮರೆಯಾಗಿದ್ದು, ಕೊಂಡಿಯಿಲ್ಲದೆ, ಹೊಟ್ಟೆಯ ತುದಿಯಲ್ಲಿ ಸೀಳಿನಂಥ ಬಾಯಿದ್ದರೆ ಅದು ನಾಲ್ಕನೆಯ ಮನೆತನ. ಇವುಗಳಲ್ಲಿ ಹೆಚ್ಚಿನವು ಚಿಕ್ಕವು. ಹೊಸಕಿದರೆ ಒಂದು ಬಗೆಯ ವಾಸನೆ ಬರುತ್ತದೆ.

ಇರುವೆಯು ಸುಮ್ಮನೆ ನಿಲ್ಲದೆ ಓಡಾಡುತ್ತಿದ್ದರೆ ಬಾಟಲಿಯನ್ನು ಮಂಜುಗಡ್ಡೆಯಿಟ್ಟ ತಟ್ಟೆಯ ಮೇಲೆ ಎರಡು ಮೂರು ನಿಮಿಷ ಇಡಬಹುದು. ತಣ್ಣಗಾದ ಇರುವೆಯು ಸ್ವಲ್ಪ ಹೊತ್ತು ನಿಧಾನವಾಗಿರುತ್ತದೆ. ಗಂಟನ್ನು ಎಣಿಸಲಿಕ್ಕೆ ಅಷ್ಟು ಸಾಕು. ಕೊಲ್ಲುವ ಅಗತ್ಯವಿಲ್ಲ.

ನಾಲ್ಕನೆಯ ಪ್ರಶ್ನೆ: ಯಾವ ಕುಲದ್ದು?

ಮನೆತನವು ತಿಳಿದ ಮೇಲೆ ಕುಲವನ್ನು ಹುಡುಕುವದು ಸುಲಭ. ನಮ್ಮಲ್ಲಿ ಹೆಚ್ಚಾಗಿ ಸಿಕ್ಕುವ ಕೆಲವನ್ನು ಮಾತ್ರ ಹೇಳುತ್ತೇನೆ.

ಗೊದ್ದ. ಕ್ಯಾಂಪೊನೋಟಸ್ ಕಂಪ್ರೆಸಸ್ ಎಂಬ ಕಪ್ಪು ಇರುವೆ. ಫೆಬ್ರಿಸಿಯಸ್ ಎಂಬ ವಿದ್ವಾಂಸನು 1787ರಲ್ಲಿ ಇದನ್ನು ವರ್ಣಿಸಿದನು. ಕ್ಯಾಂಪೊನೋಟಸ್ ಎಂದರೆ ಬಾಗಿದ ಬೆನ್ನುಳ್ಳದ್ದು. ಕೆಲಸಗಾರ್ತಿಯ ಬೆನ್ನು ಬಿಲ್ಲಿನಂತೆ ಬಾಗಿರುವದನ್ನು ನೋಡಿದರೆ ಹೆಸರಿನ ಅರ್ಥ ತಿಳಿಯುತ್ತದೆ. ರಾಣಿಯಲ್ಲಿ ಎದೆ ಎತ್ತರಿಸಿರುವದರಿಂದ ಈ ಬಾಗು ಅಷ್ಟು ತೋರುವದಿಲ್ಲ. ದವಡೆಗಳು ಗಿಡ್ಡವಾಗಿ ತ್ರಿಕೋಣವಾಗಿರುತ್ತವೆ.

ಚಗಳಿ. ಮಾವಿನ ಮರದಲ್ಲಿ ಎಲೆಗಳನ್ನು ಹೊಲಿದು ಗೂಡುಮಾಡುವ ಕೆಂಪು ಇರುವೆ, ಈಕೊಫಿಲ್ಲ ಸ್ಮರಾಗ್ಡಿನ. ಇದರ ರಾಣಿಯನ್ನು ಕಂಡವರು ಸುಲಭವಾಗಿ ನಂಬುವದಿಲ್ಲ, ಯಾಕಂದರೆ ಅದರ ಬಣ್ಣ ಹಸುರು. ಹೊಟ್ಟೆಯು ದಪ್ಪವಾಗಿದ್ದು ಮೈಯೆಲ್ಲ ಹಸುರಾಗಿ, ಕೆಲವೊಮ್ಮೆ ಹಸುರು ಮಿಶ್ರಿತ ಕಂದಾಗಿ ಇರುತ್ತದೆ. ಸ್ಮರಾಗ್ಡಿನ ಎಂದರೆ ಪಚ್ಚೆಯ ಬಣ್ಣದ್ದೆಂದು ಅರ್ಥ. ನಮ್ಮಲ್ಲಿಯ ಕೆಂಪು ಕೆಲಸಗಾರ್ತಿಗಳನ್ನು ಮಾತ್ರ ಕಂಡವರಿಗೆ ಈ ಹೆಸರು ವಿಚಿತ್ರವಾಗಿ ತೋರೀತು. ರಾಣಿಯನ್ನು ಕಂಡವರಿಗೆ ತೋರದು.

ಉರಿಗಚ್ಚಿನ ಇರುವೆ. ಸೊಲೆನಾಪ್ಸಿಸ್ ಜೆಮಿನೇಟ. ಇದು ಅಮೆರಿಕಾ ಖಂಡದ ಉಷ್ಣಪ್ರದೇಶದಿಂದ ಮನುಷ್ಯರ ಸಾಗಾಟದ ಸಂಗಡ ಬಂದು ಇಲ್ಲಿ ನೆಲೆಸಿದ ಪರದೇಶಿ. ಸೊಂಟದಲ್ಲಿ ಎರಡು ಗಂಟುಗಳು. ಕುಡಿಮೀಸೆಯ ತುದಿಯ ಎರಡು ತುಂಡುಗಳು ದಪ್ಪವಾಗಿ ಗದೆಯಂತಿರುತ್ತವೆ. ರಾಣಿಯು ಗೊದ್ದದ ರಾಣಿಯ ಅರ್ಧದಷ್ಟೂ ಇರುವದಿಲ್ಲವೆನ್ನಬಹುದು. ಇದನ್ನು ಸಾಕುವದಾಗಲಿ ಬೇರೆ ಊರಿಗೆ ಒಯ್ಯುವದಾಗಲಿ ಕೂಡದು.

ಕ್ರೆಮಟೊಗ್ಯಾಸ್ಟರ್. ಎರಡು ಗಂಟಿನ ಮನೆತನದ್ದೇ. ಆದರೆ ಸೊಂಟವು ಹೊಟ್ಟೆಯ ಮೇಲ್ಭಾಗಕ್ಕೆ ಅಂಟಿಕೊಂಡಿರುವದರಿಂದ ಕೆಣಕಿದಾಗ ಇದರ ಕೆಲಸಗಾರ್ತಿಯು ಹೊಟ್ಟೆಯನ್ನು ಬೆನ್ನಿನ ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಮೇಲಿನಿಂದ ನೋಡಿದರೆ ಆ ಹೊಟ್ಟೆಯು ಅರಳಿಯ ಎಲೆಯ ಆಕಾರದಲ್ಲಿ ಕಾಣುತ್ತದೆ.

ಟೆಟ್ರಪೊನೆರ ರೂಫೊನೈಗ್ರ. ತಲೆಯೂ ಹೊಟ್ಟೆಯೂ ಕಪ್ಪು, ಎದೆ ಕೆಂಪು. ಸಪೂರ ಮೈ, ದೊಡ್ಡ ಕಣ್ಣು. ಮರದ ಮೇಲೆ ಒಂಟಿಯಾಗಿ ತಿರುಗುತ್ತದೆ. ಇದಕ್ಕೂ ಎರಡು ಗಂಟುಗಳಿದ್ದರೂ ಮನೆತನವು ಬೇರೆ. ಬಲವಾಗಿ ಚುಚ್ಚುವದರಿಂದ ಮಕ್ಕಳು ದೂರವಿರತಕ್ಕದ್ದು.

ಜಿಗಿಯುವ ಇರುವೆ. ನಾನು ನೋಡದೆ ಹೆಸರಿಟ್ಟದ್ದು ಇದೇ. ಮದ್ರಾಸ್ ಸರಕಾರದ ವೈದ್ಯನಾಗಿದ್ದ ಜರ್ಡನ್ ಎಂಬವನು 1851ರಲ್ಲಿ ಇದನ್ನು ವರ್ಣಿಸಿದನು. ಹಾರ್ಪೆಗ್ನಾಥಸ್ ಎಂದರೆ ಕುಡುಗೋಲಿನ ದವಡೆ. ಸಾಲ್ಟೇಟರ್ ಎಂದರೆ ಜಿಗಿಯುವದು. ಇಷ್ಟು ಸ್ಪಷ್ಟವಾದ ಲಕ್ಷಣಗಳುಳ್ಳ ಇರುವೆಯು ನಮ್ಮ ನಾಡಿನಲ್ಲಿ ಇನ್ನೊಂದಿಲ್ಲವೆಂದೇ ಹೇಳಬಹುದು. ಇದರ ಗೂಡುಗಳನ್ನು ನಮ್ಮ ಜೋಗದ ಸುತ್ತಿನಲ್ಲಿಯೂ ಬೆಂಗಳೂರಿನಲ್ಲಿಯೂ ಅಗೆದು ನೋಡಿದ್ದಾರೆ. ಪೀಟರ್ಸ್, ಹೋಲ್ಡೊಬ್ಲರ್, ಮೋಫೆಟ್ ಎಂಬ ವಿದ್ವಾಂಸರೂ ಬೆಂಗಳೂರಿನ ಮುಸ್ತಾಕ್ ಅಲಿಯವರೂ ಕೂಡಿ 1994ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಈ ಇರುವೆಯು ತನ್ನ ಕೋಣೆಯ ಗೋಡೆಗಳಿಗೆ ಬರಿದಾದ ಮರಿಗೂಡುಗಳ ಚೂರುಗಳನ್ನು ಕಾಗದದಂತೆ ಹೊದಿಸುತ್ತದೆಂದು ತೋರಿಸಿದರು. ರಾಣಿಯು ಸತ್ತರೆ ಕೆಲಸಗಾರ್ತಿಗಳು ಕುಡಿಮೀಸೆಗಳಿಂದ ಬಡಿದಾಡಿ, ಕೆಲವು ಮೊಟ್ಟೆಯಿಡುವ ಪದವಿಗೆ ಏರುತ್ತವೆ. ಹಾಗೆ ಏರಿದವುಗಳ ಮಿದುಳು ಕುಗ್ಗುವದೆಂದೂ, ಮತ್ತೆ ಕೆಲಸಗಾರ್ತಿಗಳಾದರೆ ಅದು ತಿರುಗಿ ಬೆಳೆಯುವದೆಂದೂ 2021ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂತು. 2010ರಲ್ಲಿ ಇರುವೆಗಳ ಅನುವಂಶಿಕ ಬರಹವನ್ನು ಮೊದಲ ಬಾರಿ ಪೂರ್ತಿಯಾಗಿ ಓದಿ ಪ್ರಕಟಿಸಿದಾಗ, ವಿದ್ವಾಂಸರು ಆರಿಸಿದ ಎರಡು ಇರುವೆಗಳಲ್ಲಿ ಒಂದು ಕ್ಯಾಂಪೊನೋಟಸ್ ಕುಲದ್ದು, ಇನ್ನೊಂದು ಈ ಜಿಗಿಯುವ ಇರುವೆ. ಎರಡರ ಬಾಳೂ ಒಂದಕ್ಕೊಂದು ತೀರ ಬೇರೆಯಾಗಿರುವದರಿಂದಲೇ ಅವುಗಳನ್ನು ಹೋಲಿಸಿ ನೋಡಿದರು. ಅದೇ ಎರಡನ್ನು ನಾನು ನನ್ನ ಮೇಜಿನ ಮುಂದೆ ಒಂದೇ ಎಂದು ತಿಳಿದೆನು.

ಎಲ್ಲಿ ನಿಲ್ಲಬೇಕು?

ಕುಲವನ್ನು ಕಂಡುಹಿಡಿದವರಿಗೆ ಪ್ರಭೇದದ ಹೆಸರನ್ನೂ ಹೇಳಿಬಿಡಬೇಕೆಂಬ ಆಸೆ ಹುಟ್ಟುತ್ತದೆ. ಅಲ್ಲಿ ಕೈಯನ್ನು ಹಿಡಿದುಕೊಳ್ಳಬೇಕು. ಬಿಂಗ್‌ಹ್ಯಾಮ್ ಎಂಬವನು 1903ರಲ್ಲಿ ಬರೆದ ಭಾರತದ ಇರುವೆಗಳ ದೊಡ್ಡ ಗ್ರಂಥವು ಮೊದಲ್ಗೊಂಡು, ಗುರುತಿಸುವ ಸೂತ್ರಗಳು ಹೆಚ್ಚಾಗಿ ಕೆಲಸಗಾರ್ತಿಯ ದೇಹವನ್ನು ನೋಡಿ ಬರೆದವುಗಳಾಗಿವೆ. ಒಂದೇ ಕುಲದ ಎರಡು ಪ್ರಭೇದಗಳ ರಾಣಿಗಳು ಬರಿಗಣ್ಣಿಗೆ ಒಂದೇ ಆಗಿ ಕಾಣಬಹುದು. ಆದ್ದರಿಂದ "ಇದು ಕ್ಯಾಂಪೊನೋಟಸ್ ಕುಲದ ರಾಣಿ, ಪ್ರಭೇದ ತಿಳಿಯದು" ಎಂದು ಬರೆಯುವದರಲ್ಲಿ ಅವಮಾನವೇನೂ ಇಲ್ಲ. ಮೊದಲ ಕೆಲಸಗಾರ್ತಿಗಳು ಹೊರಟ ಮೇಲೆ ಅವುಗಳನ್ನು ನೋಡಿ ಮಿಕ್ಕದ್ದನ್ನು ತುಂಬಬಹುದು.

ಯಾರಾದರೂ ತಿಳಿದವರನ್ನು ಕೇಳಬೇಕಾದರೆ ಇಷ್ಟನ್ನು ಬರೆದುಕೊಂಡಿರಬೇಕು: ಸಿಕ್ಕಿದ ಊರು, ತಾರೀಖು, ಹೊತ್ತು, ಮಳೆ ಬಿದ್ದಿತ್ತೋ ಇಲ್ಲವೋ, ನೆಲದಲ್ಲಿಯೋ ಮರದಲ್ಲಿಯೋ ದೀಪದ ಹತ್ತಿರವೋ, ಮಿಲಿಮೀಟರಿನಲ್ಲಿ ಉದ್ದ, ಸೊಂಟದ ಗಂಟುಗಳ ಸಂಖ್ಯೆ, ಹೊಟ್ಟೆಯಲ್ಲಿ ಇರುಕು ಉಂಟೋ ಇಲ್ಲವೋ, ದವಡೆಯ ಆಕಾರ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಮುಖದ ಎದುರಿನಿಂದ ಒಂದು, ಹೀಗೆ ಮೂರು ಚಿತ್ರಗಳನ್ನು ಈಗ ತಾಯಿತಂದೆಗಳ ಫೋನಿನಲ್ಲಿಯೇ ತೆಗೆಯಬಹುದು. ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನು ಇಡುವದನ್ನು ಮರೆಯಬಾರದು. ಪುಸ್ತಕ ಬೇಕಾದವರಿಗೆ ಅಜಯ್ ನರೇಂದ್ರ ಮತ್ತು ಸುನಿಲ್ ಕುಮಾರ್ ಎಂಬವರು ದಕ್ಷಿಣ ಭಾರತದ ಇರುವೆಗಳ ಮೇಲೆ 2006ರಲ್ಲಿ ಹೊರತಂದ ಇಂಗ್ಲಿಷ್ ಕೈಪಿಡಿಯು ಉಪಯೋಗಕ್ಕೆ ಬರುವದು.

ಹೆಸರು ತಿಳಿದ ಮೇಲೆ ಏನು?

ಗೊದ್ದದ ರಾಣಿಯು ನೆಲದಲ್ಲಿ ಒಂದು ಸಣ್ಣ ಕೋಣೆಯನ್ನು ತೋಡಿ, ಬಾಗಿಲನ್ನು ಮುಚ್ಚಿಕೊಂಡು ಒಳಗೆ ಕುಳಿತುಬಿಡುತ್ತದೆ. ಇನ್ನು ಬೇಡವಾದ ಹಾರುವ ಸ್ನಾಯುಗಳನ್ನೂ ಮೈಯಲ್ಲಿಯ ಕೊಬ್ಬನ್ನೂ ಕರಗಿಸಿ, ಆ ಸಾರದಿಂದ ಮೊದಲ ಮರಿಹುಳುಗಳನ್ನು ಸಾಕುತ್ತದೆ. ಅಷ್ಟು ವಾರಗಳೂ ಅದಕ್ಕೆ ಕತ್ತಲೆ, ತೇವ, ಮೌನ ಇಷ್ಟೇ ಬೇಕು. ಚಗಳಿಯ ರಾಣಿಯೂ ಎಲೆಯ ಮರೆಯಲ್ಲಿ ಹೀಗೆಯೇ ಹೊ‌ರಗೆ ಹೋಗದೆ ಮರಿಗಳನ್ನು ಬೆಳೆಸುತ್ತದೆ. ಜಿಗಿಯುವ ಇರುವೆಯ ರಾಣಿಗಾದರೋ ಅಂಥ ಕೂಡಿಟ್ಟ ಗಂಟು ಇಲ್ಲ. ಮರಿಗಳಿಗಾಗಿ ಪ್ರಾಣವನ್ನು ಅಪಾಯಕ್ಕೊಡ್ಡಿ ಹೊರಗೆ ಹೋಗಿ ಬರುತ್ತದೆ. ಮೊದಲನೆಯದಕ್ಕೆ ಮುಚ್ಚಿದ ಬಾಗಿಲು ಮನೆಯಾಗಿದೆ, ಇದಕ್ಕೆ ಸೆರೆಮನೆ.

ರಾಣಿಯು ಗಂಡಿನಿಂದ ಹಾರಾಟದ ಕಾಲದಲ್ಲಿ ಪಡೆದ ಬೀಜವನ್ನು ತನ್ನ ಆಯುಷ್ಯದುದ್ದಕ್ಕೂ ಒಳಗೆ ಜೋಪಾನ ಮಾಡಿಕೊಂಡಿರುತ್ತದೆ. ಯೂರೋಪಿನ ಲೇಸಿಯಸ್ ನೈಗರ್ ಎಂಬ ಕಪ್ಪು ಇರುವೆಯ ಒಂದು ರಾಣಿಯು ಸಾಕಣೆಯಲ್ಲಿ 28 ವರ್ಷಗಳಿಗೂ ಹೆಚ್ಚು ಕಾಲ ಬದುಕಿತ್ತೆಂದು ದಾಖಲೆಯುಂಟು. ಹಾರಿಹೋದ ರಾಣಿಗಳಲ್ಲಿ ಬಹುಪಾಲು ಹಕ್ಕಿ, ಹಲ್ಲಿ, ಕಪ್ಪೆ, ಬೇರೆ ಇರುವೆಗಳ ಬಾಯಿಗೆ ಬಿದ್ದು ನಾಶವಾಗುತ್ತವೆ. ನಮ್ಮ ಮಗುವಿನ ಬಾಟಲಿಯಲ್ಲಿ ಸಿಕ್ಕಿದ್ದು, ಆ ವರೆಗೆ ಅವೆಲ್ಲವುಗಳಿಂದ ತಪ್ಪಿಸಿಕೊಂಡು ಬಂದದ್ದು. ಆದ್ದರಿಂದ ನನ್ನ ಸಲಹೆ ಇದು: ಹಿಡಿಯಿರಿ, ನಾಲ್ಕು ಪ್ರಶ್ನೆಗಳನ್ನು ಕೇಳಿರಿ, ಬರೆದುಕೊಳ್ಳಿರಿ, ಸಾಕುವ ಬಗೆ ನಿಶ್ಚಯವಾಗಿ ತಿಳಿಯದಿದ್ದರೆ ಅದೇ ದಿನ ಸಿಕ್ಕಿದ ಜಾಗದಲ್ಲಿಯೇ ಬಿಟ್ಟುಬಿಡಿರಿ.

ಕಡೆಯ ಮಾತು

ಈಗ ನಮ್ಮ ವಿಜ್ಞಾನದ ಕೋಣೆಯಲ್ಲಿ ಒಂದು ದಪ್ಪ ನೋಟುಪುಸ್ತಕವಿದೆ. ರಾಣಿಯನ್ನು ತಂದ ಹುಡುಗಿಯು ಮೊದಲು ತಾನು ಕಂಡದ್ದನ್ನು ಅದರಲ್ಲಿ ಬರೆಯಬೇಕು. ಆಮೇಲೆ ಮಾತ್ರ ಉಪಾಧ್ಯಾಯಿನಿಯರು ಹೆಸರನ್ನು ಹೇಳಬಹುದು. "ತಿಳಿಯದು" ಎಂಬ ಮಾತು ಆ ಪುಸ್ತಕದಲ್ಲಿ ಅನೇಕ ಕಡೆ ಇದೆ. ಕೆಲವು ಕಡೆ ನನ್ನ ಕೈಬರಹದಲ್ಲಿಯೇ ಇದೆ. ಮೊದಲ ಪುಟದಲ್ಲಿ 2019ರ ಜೂನ್ ತಿಂಗಳ ಸಂಗತಿಯನ್ನು ನಾನೇ ಬರೆದಿಟ್ಟಿದ್ದೇನೆ.

ಹಳೆಯ ವಿದ್ಯಾರ್ಥಿನಿಯರಲ್ಲಿ ನನ್ನದೊಂದು ಬಿನ್ನಹ. ನಾವು ಕಲಿಸಿದ್ದನ್ನು ನೀವು ನಂಬಿದಿರಿ; ಅದು ನಮಗೆ ಸಂತೋಷ. ಆದರೆ ನಿಮ್ಮ ಮಗಳು ಬಾಟಲಿಯನ್ನು ಮುಂದೆ ಹಿಡಿದು, "ಅಮ್ಮಾ, ಟೀಚರು ಹೇಳಿದ ಹಾಗೆ ಇದು ಕಾಣುವದಿಲ್ಲ" ಎಂದರೆ ಅವಳನ್ನು ತಡೆಯಬೇಡಿರಿ. ಭೂತಗನ್ನಡಿಯನ್ನು ಕೊಟ್ಟು, ಅವಳೊಡನೆ ನೀವೂ ಬಗ್ಗಿ ನೋಡಿರಿ. ಆಮೇಲೆ ಅವಳನ್ನೂ ಬಾಟಲಿಯನ್ನೂ ನಮ್ಮ ಕಡೆಗೆ ಕಳುಹಿಸಿರಿ. ಅದೇ ಹುಡುಗಿಯು ಎರಡು ಮಳೆಗಾಲಗಳ ತರುವಾಯ ಒಂದು ಹಸುರು ರಾಣಿಯನ್ನು ತಂದಳು. ಹೆಸರನ್ನು ನಾನು ಹೇಳುವದಕ್ಕೆ ಬಾಯಿ ತೆರೆದಾಗ, "ಮೊದಲು ನೋಡಿ, ಟೀಚರ್," ಎಂದು ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು. ನೋಡಿದೆನು. ಚಗಳಿಯೇ ಆಗಿತ್ತು. ಸಂಜೆಗೆ ಇಬ್ಬರೂ ಹೋಗಿ ಅದನ್ನು ಮಾವಿನ ಮರದ ಎಲೆಯ ಮೇಲೆ ಬಿಟ್ಟು ಬಂದೆವು.